ಮೆತ್ತೆಯ ಮೇಲಿನ ಊರು

ಪರದೆಯ ಮೇಲೆ ಗುಡ್ಡದ ಗೆರೆ ಮಿಸುಕಾಡಿದಾಗ ಚಿಕ್ಕಮ್ಮನ ಬಾಯಲ್ಲಿ ಅರ್ಧ ಬಿಸ್ಕತ್ತಿತ್ತು. ಅಗಿಯುವುದನ್ನು ಅಲ್ಲಿಗೇ ಬಿಟ್ಟು ಅವಳು ಮುಂದಕ್ಕೆ ಬಾಗಿದಳು. ಕಚೇರಿಯ ನೆಲಮಾಳಿಗೆಯಲ್ಲಿ, ಗುಡ್ಡದ ಬಂಡೆಯ ಮೇಲೆಯೇ ಕೂರಿಸಿದ್ದ ಕಂಪನಮಾಪಕ ಬರೆಯುವ ಗೆರೆ ಅದು. ರಸ್ತೆಯಲ್ಲಿ ದೊಡ್ಡ ಲಾರಿ ಹೋದರೂ, ಮೇಲಿನ ಕೋಣೆಯಲ್ಲಿ ಯಾರಾದರೂ ಬೀರು ಎಳೆದರೂ ಒಂದಿಷ್ಟು ಹಲ್ಲು ಕಿರಿಯುವುದು ಅದರ ಅಭ್ಯಾಸ. ಆದರೆ ಈ ಸಲ ಮೊದಲು ಸಣ್ಣ ಚೂಪು ಅಲೆಗಳು ಬಂದವು. ಸ್ವಲ್ಪ ಬಿಡುವು ಕೊಟ್ಟು ಅವುಗಳ ಹಿಂದೆಯೇ ದಪ್ಪ ಅಲೆಗಳು ಬಂದವು. ಲಾರಿಗೆ ಅಷ್ಟು ಶಿಸ್ತು ಇರುವುದಿಲ್ಲ.

“ಬಂತು ಸಾರ್,” ಎಂದಳು.

ಎದುರು ಮೇಜಿನಲ್ಲಿದ್ದ ಹಿರಿಯರು ಕನ್ನಡಕ ಮೇಲೇರಿಸಿ ನೋಡಿದರು. ಭಾನುವಾರದ ಪಾಳಿಯಲ್ಲಿ ಇದ್ದದ್ದು ಅವರಿಬ್ಬರೇ. ಅವರಿಗೆ ಕಾಲಡಿಯಲ್ಲಿ ಏನೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಾಗಿರಲಿಲ್ಲ. ಲೋಟದಲ್ಲಿದ್ದ ಚಹಾ ಕೆನೆ ಕಟ್ಟಿಕೊಂಡು ನೆಮ್ಮದಿಯಾಗಿ ಕೂತಿತ್ತು. ಗುಡ್ಡ ಒಮ್ಮೆ ಮೈ ಕೊಡವಿ ತೆಪ್ಪಗಾಯಿತು. ಅಷ್ಟರಲ್ಲಿ ಪರದೆಯ ಕೆಳಭಾಗದಲ್ಲಿ ಬೇರೆ ಗೆರೆಗಳ ಸರದಿ ಶುರುವಾಗಿತ್ತು.

ಅವು ಗುಡ್ಡದ ಕೆಳಗೆ ಹರಡಿಕೊಂಡಿರುವ ಊರಿನಲ್ಲಿ ಅವಳು ಅಲ್ಲಲ್ಲಿ ಇಟ್ಟುಬಂದಿದ್ದ ಯಂತ್ರಗಳ ಗೆರೆಗಳು. ಗ್ರಂಥಾಲಯದ್ದು, ಈಜುಕೊಳದ ಪಂಪಿನ ಕೋಣೆಯದ್ದು, ಹಳೆಯ ಅಂಚೆ ಕಚೇರಿಯದ್ದು, ಕಟ್ಟಕಡೆಗೆ ಅವಳ ಅಕ್ಕನ ಅಪಾರ್ಟ್‌ಮೆಂಟಿನದ್ದು. ಒಂದೊಂದಾಗಿ ಉಬ್ಬತೊಡಗಿದವು. ಅಕ್ಕನ ಮನೆಯ ಗೆರೆಯಂತೂ ತನ್ನ ಜಾಗ ಸಾಲದೆ ಮೇಲಿನ ಗೆರೆಯ ಜಾಗಕ್ಕೂ ನುಗ್ಗಿತು. ಗುಡ್ಡ ಸುಮ್ಮನಾಗಿ ಎಷ್ಟೋ ಹೊತ್ತಾದರೂ ಕೆಳಗಿನ ಊರು ತೂಗುತ್ತಲೇ ಇತ್ತು. ಚಿಕ್ಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಖುಷಿಗೆ ಕಿರುಚಿಬಿಟ್ಟೇನು ಎಂಬ ಭಯ, ಕಿರುಚಿದರೆ ಪಾಪ ತಟ್ಟೀತು ಎಂಬ ಭಯ, ಎರಡೂ ಒಟ್ಟಿಗೇ ಇದ್ದವು.

ಭೂಕಂಪಕ್ಕೆ ಕಾಯುವ ಕೆಲಸವೇ ಹಾಗೆ. ಬಾ ಎಂದು ಕರೆಯುವಂತಿಲ್ಲ. ಬರಲೇಬೇಡ ಎಂದರೆ ಯಂತ್ರಗಳನ್ನು ಹೊತ್ತು ತಿರುಗಿದ್ದೆಲ್ಲ ದಂಡ. ಹಿರಿಯರು ಫೋನು ಹಿಡಿದು ಅಲ್ಲಿ ಇಲ್ಲಿ ವಿಚಾರಿಸಿದರು. ನಡುಕ ಎದ್ದಿದ್ದು ಬಹುದೂರದ ಬೆಟ್ಟಸಾಲಿನಲ್ಲಿ, ಮೇಕೆಗಳೂ ಹತ್ತದ ಜಾಗದಲ್ಲಿ. ಯಾರಿಗೂ ಏನೂ ಆಗಿಲ್ಲ, ಒಂದು ದಾರಿಯ ಮೇಲೆ ಕಲ್ಲು ಉರುಳಿದೆ, ಅಷ್ಟೆ. ಅದನ್ನು ಕೇಳಿದ ಮೇಲೆ ಚಿಕ್ಕಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ಕುರ್ಚಿ ಹಿಂದಕ್ಕೆ ತಳ್ಳಿ, ಆ ಕೋಣೆಯಲ್ಲಿ ಯಾರೂ ಯಾವತ್ತೂ ಕುಣಿಯದ ಹಾಗೆ ಕುಣಿದಳು. ಹಿರಿಯರು ತಮ್ಮ ಯಂತ್ರದಲ್ಲಿ ಇದೂ ದಾಖಲಾಗುತ್ತಿದೆ ಎಂದು ನೆನಪಿಸಿದರು.

ಅವಳ ಸಂಭ್ರಮಕ್ಕೆ ಕಾರಣವಿತ್ತು. ಊರು ಕೂತಿರುವುದು ಒಂದು ಹಳೆಯ ಸರೋವರದ ಹೊಟ್ಟೆಯಲ್ಲಿ. ಮನುಷ್ಯರು ಬರುವುದಕ್ಕೆ ಬಹಳ ಮುಂಚೆ ಗುಡ್ಡಗಳ ನಡುವೆ ನಿಂತಿದ್ದ ಆ ನೀರಿಗೆ ಹೊಳೆಗಳು ಸಾವಿರಾರು ವರ್ಷ ಹೂಳು ತಂದು ಸುರಿದವು. ನೀರು ಹೋಯಿತು, ಹೂಳು ಉಳಿಯಿತು, ಚಪ್ಪಟೆ ಜಾಗ ಕಂಡ ಜನ ಮನೆ ಕಟ್ಟಿದರು. ಬಂಡೆಯಲ್ಲಿ ಓಡೋಡಿ ಬಂದ ಅಲೆ ಆ ಮೆತ್ತನೆಯ ಹೂಳಿಗೆ ಕಾಲಿಟ್ಟೊಡನೆ ನಿಧಾನವಾಗುತ್ತದೆ, ನಿಧಾನವಾದಷ್ಟೂ ಎತ್ತರ ಬೆಳೆಯುತ್ತದೆ. ಅಂಚಿನ ಬಂಡೆಗೆ ಬಡಿದು ಹಿಂದಿರುಗುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಬಟ್ಟಲೊಳಗೇ ಸುತ್ತಾಡುತ್ತದೆ. ಮೇಲೆ ಹತ್ತು ಮಹಡಿಯ ಆಸುಪಾಸಿನ ಕಟ್ಟಡ ಇದ್ದರೆ ಕೇಳುವುದೇ ಬೇಡ. ನೆಲ ತೂಗುವ ಲಯವೂ ಕಟ್ಟಡ ತೂಗುವ ಲಯವೂ ಒಂದೇ ಆಗಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ತಳ್ಳಿದ ಹಾಗಾಗುತ್ತದೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಅಕ್ಕನ ಮಗಳು ಎಲ್ಲವನ್ನೂ ಬಾಯಿಪಾಠ ಮಾಡಿ ಅವಳಿಗೆ ‘ನಡುಕದ ಚಿಕ್ಕಮ್ಮ’ ಎಂದು ಹೆಸರಿಟ್ಟಳು. ಹೆಸರು ಮಹಡಿಯಿಂದ ಮಹಡಿಗೆ ಹತ್ತಿ, ಈಗ ಆ ಕಟ್ಟಡದ ಮುದುಕರೂ ಅವಳನ್ನು ಹಾಗೇ ಕರೆಯುತ್ತಿದ್ದರು.

ಆ ಕಟ್ಟಡಕ್ಕೆ ಹತ್ತು ಮಹಡಿ. ನೆಲದ ಮಟ್ಟದಲ್ಲಿ ಗೋಡೆಯೇ ಇಲ್ಲ, ಬರೀ ಕಂಬಗಳು, ಕಂಬಗಳ ನಡುವೆ ಕಾರುಗಳು. ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು ಅವಳ ಭಾವ. ಭಾವನದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಜನ ಗೇರು ಬದಲಿಸುವುದನ್ನು ಕಲಿತದ್ದು ಅವರ ಬೈಗುಳ ತಿಂದೇ. ಪಾರ್ಕಿಂಗ್ ಜಾಗದ ಬಿಳಿ ಗೀಟುಗಳನ್ನು ಅವರೇ ಮಂಡಿಯೂರಿ ಹಾಕಿದ್ದರು. ಪ್ರತಿಯೊಬ್ಬರೂ ಹಿಮ್ಮುಖವಾಗಿ ಬಂದೇ ಕಾರು ನಿಲ್ಲಿಸಬೇಕು ಎಂಬುದು ಅವರ ಕಾನೂನು. ಹಿಂದಿನಿಂದ ಎಲ್ಲರೂ ಅವರನ್ನು ‘ರಿವರ್ಸ್ ಮೇಷ್ಟ್ರು’ ಎನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಎರಡು ವರ್ಷದಿಂದ ಚಿಕ್ಕಮ್ಮ ಅವರ ಬೆನ್ನು ಬಿದ್ದಿದ್ದಳು. ಎಂಜಿನಿಯರುಗಳನ್ನು ಕರೆಸಿ ಕಂಬಗಳನ್ನು ಪರೀಕ್ಷಿಸಬೇಕು, ಕೆಲವು ಕಂಬಗಳ ನಡುವೆ ಗೋಡೆ ಎಬ್ಬಿಸಬೇಕು ಎಂಬುದು ಅವಳ ಹಟ. ನೆಲ ಜೋರಾಗಿ ತೂಗಿದರೆ ಮೊದಲು ಮುರಿಯುವುದು ಗೋಡೆಯ ಆಸರೆಯಿಲ್ಲದ ಕಂಬಗಳೇ. ಗೋಡೆ ಬಂದರೆ ಎಷ್ಟೋ ಕಾರುಗಳಿಗೆ ಜಾಗ ಹೋಗುತ್ತದೆ. ಭಾವ ಕೆಟ್ಟವರಲ್ಲ, ಯಂತ್ರ ಇಡಲು ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನ ಬೀಗದ ಕೈಯನ್ನು ತಾವೇ ಕೊಟ್ಟಿದ್ದರು. ಆದರೆ ಗೋಡೆಯ ಮಾತು ಬಂದಾಗಲೆಲ್ಲ ಅವರದು ಒಂದೇ ರಾಗ. ಬೇರೆ ಊರಿನ ಕಥೆ ಬೇಡಮ್ಮ, ನಮ್ಮ ಬಿಲ್ಡಿಂಗಿನ ನೆಲ ಹೀಗೆ ಕುಣಿಯುತ್ತೆ ಅಂತ ನಮ್ಮ ಬಿಲ್ಡಿಂಗಿಂದಲೇ ತೋರಿಸು, ಅವತ್ತು ನಾನೇ ಮೊದಲು ಕೈ ಎತ್ತುತ್ತೀನಿ.

ಆ ದಿನ ಬಂದಿತ್ತು. ಅದೂ ಸಂಘದ ಸಭೆ ಇದ್ದ ದಿನವೇ.

ಅವಳು ಫೋನು ಮಾಡಿದರೆ ಅಕ್ಕ ಮೊದಲ ಮಾತಿಗೇ ಬದುಕಿದ್ದೇವೆ ಎಂದಳು. ಅಕ್ಕ ನರ್ಸು, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನವಳು. ಎಂಟನೇ ಮಹಡಿಯ ಅಡುಗೆಮನೆಯಲ್ಲಿ ನಿಂತಿದ್ದಾಗ ತಲೆ ತಿರುಗಿದಂತಾಗಿ, ಕೂತುಕೊಂಡು ತನ್ನ ಬಿ.ಪಿ. ತಾನೇ ನೋಡಿಕೊಂಡಳಂತೆ. ಬಿ.ಪಿ. ಸರಿಯಾಗಿಯೇ ಇತ್ತು. ಆಮೇಲೆ ನೋಡಿದರೆ ಬೀರುವಿನ ಬಾಗಿಲು ತಾನಾಗಿ ತೆರೆಯುತ್ತಿದೆ, ಮುಚ್ಚುತ್ತಿದೆ. ಸ್ನಾನದ ಮನೆಯಲ್ಲಿದ್ದ ಭಾವ ಕಣ್ಣಲ್ಲಿ ಸೋಪು ತುಂಬಿಕೊಂಡು ನಲ್ಲಿಯನ್ನು ತಬ್ಬಿ ನಿಂತಿದ್ದರಂತೆ. ಈಗ ಮಾತ್ರ ತನಗೇನೂ ಗೊತ್ತೇ ಆಗಲಿಲ್ಲ ಎಂದು ಸಾಧಿಸುತ್ತಿದ್ದಾರಂತೆ. ಅಕ್ಕ ನಗುತ್ತಲೇ ಹೇಳಿದಳು. ಕೊನೆಗೆ ದನಿ ಇಳಿಸಿ, “ಹೆದರಿಕೆ ಆಯ್ತು ಕಣೆ,” ಎಂದಳು.

ಚಿಕ್ಕಮ್ಮ ಎಲ್ಲ ಗೆರೆಗಳನ್ನೂ ಒಂದೇ ಅಳತೆಗೆ ತಂದು ಅಗಲವಾದ ಹಾಳೆಯಲ್ಲಿ ಅಚ್ಚು ಹಾಕಿಸಿದಳು. ಮೇಲೆ ಗುಡ್ಡದ್ದು, ಎಳೆಯ ಹುಲ್ಲಿನಷ್ಟು. ಕೆಳಗೆ ಅಕ್ಕನ ಮನೆಯದ್ದು, ಅದರ ಒಂಬತ್ತು ಪಟ್ಟು. ಹಿರಿಯರು ಹಾಳೆಯನ್ನು ನೋಡಿ ಹುಬ್ಬೇರಿಸಿ, ಅಂಚೆ ಕಚೇರಿಗಿಂತಲೂ ಇಷ್ಟೊಂದು ಹೆಚ್ಚೇಕೆ ಎಂದು ಕೇಳಿದರು. ಅಲ್ಲಿ ಹೂಳು ಇನ್ನೂ ಆಳ ಇರಬಹುದು ಎಂದು ಅವಳು ಹಾಳೆ ಸುತ್ತುತ್ತಾ ಬಾಗಿಲು ದಾಟಿದ್ದಳು. ಅವರು, ಪಾಳಿಯನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ, ಮರುಕಂಪನ ಬಂದರೆ ತಿಳಿಸುತ್ತೇನೆ ಎಂದರು. ದೊಡ್ಡ ನಡುಕದ ಹಿಂದೆ ಸಣ್ಣವು ಬರುವುದು ವಾಡಿಕೆ.

ಸ್ಕೂಟರು ಗುಡ್ಡ ಇಳಿಯಿತು. ಎತ್ತರದ ಕಟ್ಟಡಗಳ ಮುಂದೆ ಜನ ಇನ್ನೂ ಗುಂಪುಕಟ್ಟಿ ಮೇಲಕ್ಕೆ ನೋಡುತ್ತಿದ್ದರು. ಒಂದು ಅಂತಸ್ತಿನ ಅಂಗಡಿಗಳವರು ಅವರನ್ನು ಗೇಲಿ ಮಾಡುತ್ತಿದ್ದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ತೂಗಿತು ಅನ್ನುವವರದೂ ನಿಜ, ಇಲ್ಲ ಅನ್ನುವವರದೂ ನಿಜ, ಇಲ್ಲಿ ನೋಡಿ, ಎಂದು ಹಾಳೆ ಬಿಚ್ಚಿ ತೋರಿಸಬೇಕು ಅನ್ನಿಸಿತು ಚಿಕ್ಕಮ್ಮನಿಗೆ. ಕೆಂಪು ದೀಪಕ್ಕೆ ನಿಂತಾಗಲೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸಭೆಗೆ ಇನ್ನೂ ಹೊತ್ತಿತ್ತು. ಯಂತ್ರವನ್ನೂ ಒಮ್ಮೆ ಜನಕ್ಕೆ ತೋರಿಸೋಣ, ಧೂಳು ಒರೆಸಿಡೋಣ ಎಂದು ಅಕ್ಕನನ್ನು ಕರೆದುಕೊಂಡು ಸ್ಟೋರ್ ರೂಮಿನ ಬೀಗ ತೆಗೆದಳು. ಗೆರೆಗಳು ದೂರದಿಂದಲೇ ಕಚೇರಿಗೆ ಬರುತ್ತಿದ್ದುದರಿಂದ ಆ ಬಾಗಿಲು ತೆಗೆಯದೆ ಮೂರು ತಿಂಗಳ ಮೇಲಾಗಿತ್ತು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಸಣ್ಣ ಕುಕ್ಕರಿನ ಗಾತ್ರದ ಯಂತ್ರ ತನ್ನ ಮೂರು ಪುಟ್ಟ ಕಾಲುಗಳನ್ನು ಊರಿ ಕೂತಿತ್ತು. ಕಾಲುಗಳ ಕೆಳಗೆ, ನಾಲ್ಕು ಮಡಿಕೆ ಮಾಡಿದ, ಹಳದಿ ಬಾತುಕೋಳಿಗಳ ಚಿತ್ರವಿದ್ದ ಒಂದು ಹತ್ತಿಯ ಮೆತ್ತೆ ಇತ್ತು.

ಚಿಕ್ಕಮ್ಮ ಮೆತ್ತೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು.

“ಸುಣ್ಣ ಹೊಡೆಯೋರು ಎತ್ತಿ ಆಚೆ ಇಟ್ಟಿದ್ರು ಕಣೆ,” ಎಂದಳು ಅಕ್ಕ. “ಅವರು ಹೋದ್ಮೇಲೆ ನಾನೇ ವಾಪಸ್ ಇಟ್ಟೆ. ಮೊದಲು ಬರೀ ಸಿಮೆಂಟಿನ ಮೇಲೆ ಕೂತಿತ್ತು. ಅಷ್ಟು ಸೂಕ್ಷ್ಮದ್ದು, ಯಾರೋ ದಡಬಡ ಅಂತ ಮೆಟ್ಟಿಲು ಇಳಿದ್ರೆ ಅದಕ್ಕೆ ಪೆಟ್ಟಾಗಲ್ವಾ ಅಂತ ವಾರ್ಡಿಂದ ಹಳೇದೊಂದು ತಂದು ಹಾಕ್ದೆ. ಯಾಕೆ, ತಪ್ಪಾಯ್ತಾ?”

ಕೈಯಲ್ಲಿ ಹಿಡಿದ ಯಾವುದನ್ನೂ ಅಕ್ಕ ಗಟ್ಟಿ ನೆಲದ ಮೇಲೆ ಇಟ್ಟವಳೇ ಅಲ್ಲ. ಅಂಗೈಯಗಲದ ಕೂಸುಗಳನ್ನು ಎತ್ತಿ ಇಟ್ಟು ಬಂದ ಅಭ್ಯಾಸ. ಮನೆಯಲ್ಲಿ ಗಾಜಿನ ಲೋಟದ ಕೆಳಗೂ ಒಂದು ಬಟ್ಟೆ. ಬಯ್ಯಲು ಹೊರಟ ಚಿಕ್ಕಮ್ಮನಿಗೆ ತನ್ನ ತಪ್ಪೇ ಕಂಡಿತು. ಮೂರು ತಿಂಗಳಿಂದ ಈ ಗೆರೆ ಸ್ವಲ್ಪ ಒರಟಾಗಿದ್ದನ್ನು ಅವಳೂ ನೋಡಿದ್ದಳು. ಹೊಸದಾಗಿ ಕೂರಿಸಿದ ನೀರಿನ ಪಂಪಿನ ತಲೆಗೆ ಅದನ್ನು ಕಟ್ಟಿ ಸುಮ್ಮನಿದ್ದಳು. ಬಂದು ಒಂದು ಮುಚ್ಚಳ ಎತ್ತಿದ್ದರೆ ಸಾಕಿತ್ತು.

ಅವಳು ಮೆಲ್ಲಗೆ ಹೇಳಿದಳು. ಈ ಯಂತ್ರ ಬರೆಯಬೇಕಾದದ್ದು ನೆಲ ಹೇಗೆ ಕುಣಿಯಿತು ಎಂಬುದನ್ನು. ಈಗ ಇದು ಬರೆದಿರುವುದರಲ್ಲಿ ನೆಲದ ಕುಣಿತ ಎಷ್ಟು, ಮೆತ್ತೆಯ ಕುಣಿತ ಎಷ್ಟು ಎಂದು ಬಿಡಿಸುವುದು ತಲೆನೋವು. ಬಿಡಿಸಿದರೂ ಯಾರೂ ನಂಬುವುದಿಲ್ಲ. ಈ ಊರಿನಲ್ಲಿ ಇಂಥ ನಡುಕ ಮತ್ತೆ ಬರಲು ಇನ್ನೆಷ್ಟು ವರ್ಷವೋ.

ಅಕ್ಕ ಬಾಗಿಲನ್ನು ಒಳಗಿನಿಂದ ಸ್ವಲ್ಪ ಮುಂದಕ್ಕೆ ಎಳೆದಳು. ವಾರ್ಡಿನಲ್ಲಿ ತಾಯಂದಿರಿಗೆ ಧೈರ್ಯ ಹೇಳುವ ದನಿಯಲ್ಲಿ ಮಾತಾಡಿದಳು. “ಬಿಲ್ಡಿಂಗು ಅಪಾಯದಲ್ಲಿದೆ ಅನ್ನೋದು ನಿಜ ತಾನೇ? ನೀನು ಸುಳ್ಳು ಹೇಳ್ತಿಲ್ಲ ತಾನೇ? ಹಾಗಾದ್ರೆ ಹಾಳೆ ತೋರಿಸು. ಮೆತ್ತೆ ವಿಷಯ ನನಗೆ ಗೊತ್ತು, ನಿನಗೆ ಗೊತ್ತು. ನಾನಂತೂ ಬಾಯಿ ಬಿಡಲ್ಲ.”

ಚಿಕ್ಕಮ್ಮ ಯಂತ್ರವನ್ನು ಎತ್ತಿ ಅಕ್ಕನ ಕೈಗೆ ಕೊಟ್ಟು, ಮೆತ್ತೆಯನ್ನು ಎಳೆದು ಹಾಕಿ, ಸಿಮೆಂಟು ನೆಲವನ್ನು ಸೆರಗಿನಿಂದಲೇ ಒರೆಸಿದಳು. ಯಂತ್ರದ ಬಾಣದ ಗುರುತನ್ನು ಉತ್ತರಕ್ಕೆ ತಿರುಗಿಸಿ, ಕಾಲಿನ ತಿರುಪುಗಳನ್ನು ಒಂದೊಂದಾಗಿ ತಿರುಗಿಸುತ್ತಾ ಮಟ್ಟ ತೋರಿಸುವ ಗಾಜಿನೊಳಗಿನ ನೀರ್ಗುಳ್ಳೆಯನ್ನು ನಡುವಿಗೆ ತಂದಳು. ಮರುಕಂಪನವೊಂದು ಬಂದರೆ ಬದುಕಿಕೊಂಡೆ ಎಂದು ಮನಸ್ಸು ಹೇಳುತ್ತಿತ್ತು. ಬಾರದೆಯೂ ಇರಬಹುದು ಎಂದು ಅದೇ ಮನಸ್ಸು ಹೇಳುತ್ತಿತ್ತು. ಹಾಳೆ ಮಾತ್ರ ಈಗಲೇ ಕೈಯಲ್ಲಿತ್ತು.

ಸಭೆ ಸೇರಿದ್ದು ಪಾರ್ಕಿಂಗಿನಲ್ಲೇ, ಕಾರುಗಳ ನಡುವಿನ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಬಿಸಿಲು ಇಳಿದಿತ್ತು. ಯಾವತ್ತೂ ಬಾರದವರೆಲ್ಲ ಬಂದಿದ್ದರು. ಮೇಲಿನ ಮಹಡಿಗಳವರು ತಮ್ಮ ತಮ್ಮ ಮನೆಯಲ್ಲಿ ಏನೇನು ಅಲ್ಲಾಡಿತು ಎಂದು ಪೈಪೋಟಿಯ ಮೇಲೆ ಹೇಳುತ್ತಿದ್ದರೆ, ಒಂದನೇ ಮಹಡಿಯ ವಕೀಲರು ತಾನು ಅಷ್ಟೂ ಹೊತ್ತು ಸೊಂಪಾಗಿ ನಿದ್ದೆ ಮಾಡಿದೆ ಎಂದು ನಗಿಸುತ್ತಿದ್ದರು. ಭಾವ ಕೈ ತಟ್ಟಿ ಸುಮ್ಮನಿರಿಸಿ, ಮೊದಲು ನಮ್ಮ ನಾದಿನಿ ಹೇಳಲಿ ಎಂದರು.

ಚಿಕ್ಕಮ್ಮ ಹಾಳೆ ಬಿಚ್ಚಿದಳು. ಇನ್ನೂ ಬಾಯಿ ತೆರೆದಿರಲಿಲ್ಲ, ಹಾಳೆಯೇ ಮಾತಾಡಿತು. ಗುಡ್ಡದ ಗೆರೆ, ಅದರ ಕೆಳಗೆ ತಮ್ಮ ಮನೆಯ ಗೆರೆ. ಕೈಯಿಂದ ಕೈಗೆ ಹೋಗುತ್ತಾ ಹೋಗುತ್ತಾ ಗದ್ದಲ ಅಡಗಿತು. ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದ ಭಾವ ಎರಡೂ ಗೆರೆಗಳ ಎತ್ತರವನ್ನು ಬೆರಳಿನಿಂದ ಅಳೆದರು.

“ಇದು ನಮ್ಮ ಬಿಲ್ಡಿಂಗಿಂದೇನಮ್ಮಾ?” ಎಂದರು.

“ಹೌದು ಭಾವ.”

“ಇಷ್ಟೊಂದಾ.” ಭಾವ ಹಾಳೆಯನ್ನು ಮಡಿಲ ಮೇಲೆ ಇಟ್ಟುಕೊಂಡು ಎಲ್ಲರತ್ತ ತಿರುಗಿದರು. ತಾನು ಕೊಟ್ಟ ಮಾತು ಇದೆ, ತಾನು ಮಾತಿಗೆ ತಪ್ಪುವವನಲ್ಲ, ಎಂಜಿನಿಯರುಗಳನ್ನು ಕರೆಸೋಣ, ಅವರು ಗೋಡೆ ಹಾಕಿ ಎಂದರೆ ಹಾಕೋಣ, ಕಾರುಗಳ ವ್ಯವಸ್ಥೆ ತನಗೆ ಬಿಡಿ ಎಂದರು. ಹೇಳುತ್ತಲೇ ಅವರ ಬಲಗೈ ಮೇಲೆ ಏಳುತ್ತಿತ್ತು. ಹಿಂದೆ ಹಲವು ಕೈಗಳು ಏಳತೊಡಗಿದವು. ಎರಡು ವರ್ಷ ಅವಳು ಕನಸಿನಲ್ಲಿ ಕಂಡಿದ್ದ ಕೈಗಳು ಅವು. ಗುಂಪಿನ ಅಂಚಿನಲ್ಲಿ ನಿಂತಿದ್ದ ಅಕ್ಕ ಕಣ್ಣಲ್ಲೇ ಬೇಡ ಎನ್ನುತ್ತಿದ್ದಳು.

ಚಿಕ್ಕಮ್ಮನಿಗೆ ಅಳು ಬಂದಂತಾಯಿತು. ಈ ಕೈಗಳು ಏಳುತ್ತಿರುವುದು ಬಾತುಕೋಳಿಯ ಮೆತ್ತೆಗೆ ಎಂದು ಅವಳಿಗೆ ಗೊತ್ತಿತ್ತು. ನಾಳೆ ಯಾರಾದರೂ ಒಬ್ಬರಿಗೆ ಅದು ತಿಳಿದರೆ ಗ್ರಂಥಾಲಯದ ಗೆರೆ, ಅಂಚೆ ಕಚೇರಿಯ ಗೆರೆ, ಅವಳು ಮುಂದೆ ಯಾವತ್ತಾದರೂ ತರುವ ಗೆರೆ, ಯಾವುದನ್ನೂ ಯಾರೂ ಮೂಸಿಯೂ ನೋಡುವುದಿಲ್ಲ.

“ತಡೀರಿ ಭಾವ,” ಎಂದಳು. “ಆ ಗೆರೆ ಸರಿ ಇಲ್ಲ. ಮೆಷಿನ್ನಿನ ಕೆಳಗೆ ಒಂದು ಮೆತ್ತೆ ಇತ್ತು. ನನಗೆ ಗೊತ್ತಾಗಿದ್ದು ಈಗ, ಸಭೆಗೆ ಮುಂಚೆ. ನೆಲ ಕುಣಿದಿದ್ದಕ್ಕಿಂತ ಜಾಸ್ತಿ ತೋರಿಸ್ತಿದೆ.”

ಎದ್ದ ಕೈಗಳು ಅಲ್ಲಲ್ಲೇ ನಿಂತವು, ಕೆಲವು ತಲೆ ಕೆರೆದುಕೊಂಡು ಕೆಳಗಿಳಿದವು. ವಕೀಲರು ನಕ್ಕೇ ನಕ್ಕರು. ಹಾಗಾದರೆ ಇದು ಭೂಕಂಪದ ವರದಿಯಲ್ಲ, ಹಾಸಿಗೆಯ ವರದಿ. ಇದನ್ನು ನಂಬಿ ನಾವು ಗೋಡೆ ಕಟ್ಟಿಸಬೇಕಿತ್ತೇ ಎಂದು ಕೇಳಿದರು. ಸುತ್ತ ನಗೆ ಎದ್ದಿತು. ಭಾವನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಸ್ವಂತ ನಾದಿನಿಗೆ ಬಯ್ಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಈ ವಿಷಯ ಮುಂದಿನ ಸಭೆಗೆ ಇರಲಿ ಎಂದು ಹಾಳೆಯನ್ನು ಸುತ್ತತೊಡಗಿದರು.

ಆಗ ಅಕ್ಕ ಮುಂದೆ ಬಂದಳು. ಕಂಕುಳಲ್ಲಿ ಆ ಮೆತ್ತೆ ಇತ್ತು. ಸಭೆಗಳಲ್ಲಿ ಮಾತಾಡಿದವಳಲ್ಲ, ಮೆತ್ತೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಇದನ್ನು ಅಲ್ಲಿಟ್ಟವಳು ನಾನು. ಅವಳಿಗೆ ಬಾಯಿ ಮುಚ್ಕೊಂಡಿರು ಅಂದವಳೂ ನಾನೇ, ಅವಳು ಕೇಳಲಿಲ್ಲ. ನೋಡಿ, ಇದು ನಾಲ್ಕು ಬೆರಳಿನಷ್ಟೂ ದಪ್ಪ ಇಲ್ಲ. ಇದರ ಮೇಲೆ ಕೂತಿದ್ದಕ್ಕೆ ಮೆಷಿನ್ನು ಹಾಗೆ ಕುಣೀತು, ಲೆಕ್ಕಕ್ಕಿಲ್ಲ ಅಂತ ನೀವೇ ನಗ್ತಿದ್ದೀರಿ. ಸರಿ. ನಮ್ಮ ಬಿಲ್ಡಿಂಗಿನ ಕೆಳಗೆ ಬಾವಿ ತೋಡಿದರೂ ಮುಗೀದಷ್ಟು ಮೆತ್ತೆ ಇದೆ ಅಂತ ಇವಳು ಎರಡು ವರ್ಷದಿಂದ ಬಡ್ಕೋತಿದ್ದಾಳೆ. ಮೆಷಿನ್ನಿನ ಕೆಳಗಿಂದ ನಾವು ಇದನ್ನು ತೆಗೆದ್ವಿ. ನಮ್ಮ ಕೆಳಗಿಂದ ಅದನ್ನು ಯಾರು ತೆಗೀತಾರೆ?”

ನಗು ನಿಂತಿತು. ವಕೀಲರು ಏನೋ ಹೇಳಲು ಹೋಗಿ ಕೆಮ್ಮಿದರು. ಚಿಕ್ಕಮ್ಮ ಬೆಪ್ಪಾಗಿ ಅಕ್ಕನನ್ನು ನೋಡುತ್ತಿದ್ದಳು. ಎಷ್ಟು ಸಭೆಗಳಲ್ಲಿ, ಎಷ್ಟು ಬಣ್ಣದ ಚಿತ್ರಗಳನ್ನು ಹಿಡಿದು ಅವಳು ಹೇಳಲು ಹೆಣಗಿದ್ದ ಮಾತು ಅದು. ತಬ್ಬಿಕೊಳ್ಳಬೇಕು ಅನ್ನಿಸಿತು, ಮೆತ್ತೆ ಅಡ್ಡ ಇತ್ತು.

ಭಾವ ಹಾಳೆ ಸುತ್ತುವುದನ್ನು ನಿಲ್ಲಿಸಿದ್ದರು. ಈಗ ಯಂತ್ರ ಬರೀ ನೆಲದ ಮೇಲೆ ಇದೆ ತಾನೇ ಎಂದು ಕೇಳಿದರು. ಇದೆ ಎಂದಳು. ಮತ್ತೆ ಯಾವಾಗ ನಡುಗುತ್ತೆ ಎಂದರು. ಇವತ್ತೇ ಬರಬಹುದು, ನಾಳೆ ಬರಬಹುದು, ಬಂದರೂ ತೀರ ಸಣ್ಣದಾಗಿರಬಹುದು, ಅಂಥದ್ದು ಬಂದ ಹೊತ್ತಿನಲ್ಲೇ ಇಲ್ಲಿ ಯಾರಾದರೂ ಕಾರು ಓಡಿಸಿದರೆ ಅದೂ ಕೆಡುತ್ತದೆ ಎಂದಳು. ಭಾವ ಎದ್ದು ಪ್ಯಾಂಟು ಸರಿಮಾಡಿಕೊಂಡರು. ಭಾನುವಾರ ಸಂಜೆ ಈ ಜನ ಕಾರು ತೆಗೆಯದೆ ಕೂರುವುದುಂಟೇ, ಒಂದು ಹೋದರೆ ಇನ್ನೊಂದು ಬರುತ್ತದೆ.

“ಎಲ್ಲಾ ಕಾರೂ ಆಚೆ,” ಎಂದರು. “ರಸ್ತೆ ಕೊನೇಲಿ ನಿಲ್ಸಿ. ನಾನು ಹೇಳೋವರೆಗೂ ಒಂದೂ ಒಳಗೆ ಬರಕೂಡದು.”

ಆಮೇಲೆ ನಡೆದದ್ದು ನೋಡಬೇಕಾದ ದೃಶ್ಯ. ಗೊಣಗಿದವರೂ ಬೀಗದ ಕೈ ತರಲು ಓಡಿದರು, ಏಕೆಂದರೆ ಗೊಣಗದವರು ಆಗಲೇ ಓಡಿದ್ದರು. ಭಾವ ನಡುವೆ ನಿಂತು ಎಡ, ಬಲ, ನೇರ, ಬ್ರೇಕು, ಬ್ರೇಕು ಎಂದು ಕೈ ಬೀಸುತ್ತಿದ್ದರೆ ಕಾರುಗಳು ಒಂದರ ಹಿಂದೊಂದು ಶಾಲೆಯ ಮಕ್ಕಳ ಹಾಗೆ ಹೊರಟವು. ವಕೀಲರ ಕಾರು ಕೆಮ್ಮಿ ನಿಂತುಬಿಟ್ಟಿತು; ಅದನ್ನು ನಾಲ್ಕು ಜನ ಸೇರಿ ತಳ್ಳಿದರು, ವಕೀಲರೂ ತಳ್ಳಿದರು. ಗೇಟು ಹಾಕಿಸಿ, ನೀರಿನ ಪಂಪಿನ ಸ್ವಿಚ್ಚು ತೆಗೆಸಿ, ಮೆಟ್ಟಿಲ ಮೇಲೆ ಯಾರೂ ಧಡಧಡ ಓಡಕೂಡದು ಎಂದು ಭಾವ ಮಕ್ಕಳಿಗೆಲ್ಲ ಎಚ್ಚರಿಸಿದರು. ಬೆಳಿಗ್ಗೆ ತನಗೇನೂ ಗೊತ್ತಾಗಲಿಲ್ಲ ಎಂದು ಸಾಧಿಸಿದ್ದ ಮನುಷ್ಯ ಈಗ ಸ್ಟೋರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾವಲು ಕೂತಿದ್ದರು.

ಚಿಕ್ಕಮ್ಮ ಲ್ಯಾಪ್‌ಟಾಪನ್ನು ಒಂದು ಸ್ಟೂಲಿನ ಮೇಲಿಟ್ಟು ಎರಡೇ ಗೆರೆ ಉಳಿಸಿದಳು: ಮೇಲೆ ಗುಡ್ಡ, ಕೆಳಗೆ ಮನೆ. ಜನ ನೆಲದ ಮೇಲೆ ಸುತ್ತ ಕೂತರು. ಯಾರೋ ಎದ್ದು ನಡೆದರೆ ಕೆಳಗಿನ ಗೆರೆ ಮಿಸುಕುತ್ತಿತ್ತು, ಎಲ್ಲರೂ ಸೇರಿ ಅವರನ್ನು ಗದರುತ್ತಿದ್ದರು. ಪಿಸುಮಾತಿನಲ್ಲೇ ಪಂತ ಕಟ್ಟುವವರು ಪಂತ ಕಟ್ಟಿದರು. ಅಕ್ಕನ ಮಗಳು ಪಕ್ಕದ ಮನೆಯ ಅಜ್ಜಿಗೆ ಬಂಡೆ, ಹೂಳು, ಅಲೆ ಎಂದು ಪಾಠ ಒಪ್ಪಿಸುತ್ತಿದ್ದಳು. ಇಷ್ಟು ಜನ ಉಸಿರು ಬಿಗಿಹಿಡಿದು ಕಂಪನದ ಗೆರೆ ನೋಡುವುದನ್ನು ಚಿಕ್ಕಮ್ಮ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಬರದಿದ್ದರೆ ಮಾನ ಹೋಯಿತು ಎಂದುಕೊಂಡಳು, ಬಂದರೆ ಏನು ಕಾಣುವುದೋ ಎಂದೂ ಹೆದರಿದಳು. ಒಂದು ವೇಳೆ ಮೆತ್ತೆ ಇಲ್ಲದ ಗೆರೆ ಗುಡ್ಡದಷ್ಟೇ ಚಿಕ್ಕದಿದ್ದರೆ?

ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಗುಡ್ಡದ ಗೆ‌ರೆ ಮಿಸುಕಿತು.

ಚೂಪು ಅಲೆ, ಬಿಡುವು, ದಪ್ಪ ಅಲೆ. ಚಿಕ್ಕಮ್ಮ ಕೈ ಎತ್ತಿದಳು. ಗುಡ್ಡದ್ದು ಇರುವೆಯ ಸಾಲಿನಷ್ಟು ಎತ್ತರವಾಗಿ ಮುಗಿದೇ ಹೋಯಿತು. ಕೆಳಗಿನ ಗೆರೆ ಮೊದಲು ಅದರ ಜೊತೆಗೇ ಏಳುತ್ತಿತ್ತು, ಆಮೇಲೆ ಅದನ್ನು ದಾಟಿತು, ದುಪ್ಪಟ್ಟಾಯಿತು, ಅದರ ದುಪ್ಪಟ್ಟಾಯಿತು, ಇನ್ನೂ ಏರಿ ಅಗಲವಾಗಿ, ಒಂದೇ ಲಯದಲ್ಲಿ ತೂಗತೊಡಗಿತು. ಕೂತಿದ್ದವರಲ್ಲಿ ಒಬ್ಬರಿಗೂ ಮೈಗೆ ಏನೂ ತಿಳಿಯಲಿಲ್ಲ. ತಮ್ಮ ಕೆಳಗಿನ ನೆಲ ಅಲ್ಲಾಡುತ್ತಿರುವುದನ್ನು ಅವರು ಕಣ್ಣಿಂದ ನೋಡುತ್ತಿದ್ದರು, ಅಷ್ಟೆ. ಚಿಕ್ಕಮ್ಮ ಎರಡೂ ಗೆರೆಗಳ ಎತ್ತರ ಹೋಲಿಸಿದಳು. ಒಂಬತ್ತು ಪಟ್ಟು ಆಗಲಿಲ್ಲ, ಆರರ ಹತ್ತಿರ ನಿಂತಿತು. ಅಂಚೆ ಕಚೇರಿಯದ್ದೂ ಅಷ್ಟೇ ಇರುತ್ತದೆ ಎಂದು ನೋಡದೆಯೇ ಅವಳಿಗೆ ಗೊತ್ತಾಯಿತು. ಇದು ನಿಜದ ಗೆರೆ. ಅದರ ಮೇಲೆ ಬೆರಳಿಟ್ಟು ಪ್ರಮಾಣ ಮಾಡಬಹುದಿತ್ತು.

ಫೋನು ಕಿಣಿಗುಟ್ಟಿತು. ಹಿರಿಯರು. ಬಂತು ನೋಡಿದೆಯಾ, ಇಲ್ಲಿ ಗುಡ್ಡದಲ್ಲಿ ಮುಗಿದು ಚಹಾ ಕುಡಿದಾಯಿತು, ಅಲ್ಲೇನು ಸಮಾಚಾರ ಎಂದರು. ಎಲ್ಲರಿಗೂ ಕೇಳುವಂತೆ ಅವಳು ಫೋನನ್ನು ಹಿಡಿದಿದ್ದಳು. ಇಲ್ಲಿ ಇನ್ನೂ ನಿಂತಿಲ್ಲ ಸಾರ್ ಎಂದಳು. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಕ್ಕ ಹಿಂದಿನಿಂದ ಬಂದು ಅವಳ ಭುಜ ಹಿಡಿದುಕೊಂಡಳು.

“ಇದು ಎಷ್ಟು ದೊಡ್ಡದಿತ್ತಮ್ಮಾ?” ಎಂದು ಕೇಳಿದರು ಭಾವ.

“ಸಣ್ಣದು ಭಾವ. ತುಂಬಾ ಸಣ್ಣದು. ಅದೂ ಎಲ್ಲೋ ದೂರದಲ್ಲಿ.”

ಭಾವ ಬಾಗಿಲಿನಿಂದ ಎದ್ದರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಪಾರ್ಕಿಂಗಿನ ನಡುವೆ ಬಂದು ನಿಂತರು. ಕಾರುಗಳಿಲ್ಲದ ಆ ಜಾಗವನ್ನು ಅವರು ಗೀಟು ಹಾಕಿದ ದಿನದಿಂದ ಈಚೆಗೆ ನೋಡಿರಲಿಲ್ಲ. ಬಿಳಿ ಗೀಟುಗಳು, ಎಣ್ಣೆಯ ಕಲೆಗಳು, ಅವುಗಳ ನಡುವೆ ಕಂಬಗಳು, ಕಂಬಗಳ ತಲೆಯ ಮೇಲೆ ಹತ್ತು ಮಹಡಿ. ಮೇಲೆ ಯಾರದೋ ಮನೆಯಲ್ಲಿ ದೀಪ ಉರಿಯುತ್ತಿತ್ತು, ಯಾರದೋ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಭಾವ ಹತ್ತಿರದ ಕಂಬದ ಬಳಿ ಹೋಗಿ, ಕನ್ನಡಕ ತೆಗೆದು ಜೇಬಿಗೆ ಹಾಕಿ, ಎರಡೂ ತೋಳು ಚಾಚಿ, ದಪ್ಪ ಅಳೆಯುವವರಂತೆ ಅದನ್ನು ತಬ್ಬಿಕೊಂಡರು.

ಕಂಬದ ಆಚೆ ಬದಿಯಲ್ಲಿದ್ದ ಚಿಕ್ಕಮ್ಮನಿಗೆ ಅವರ ಮುಖ ಕಾಣಲಿಲ್ಲ, ಎರಡೂ ಕಡೆಯಿಂದ ತಡಕುತ್ತಾ ಬರುತ್ತಿದ್ದ ಕೈಗಳು ಮಾತ್ರ ಕಂಡವು. ಬೆರಳುಗಳು ಒಂದನ್ನೊಂದು ಮುಟ್ಟಿದವು, ಮುಟ್ಟಿ, ದಾಟಿ, ಒಂದರ ಮೇಲೊಂದು ಮಣಿಕಟ್ಟಿನವರೆಗೂ ಹೋದವು.